ಸಾಕ್ರಟೀಸನ ದೈವಶ್ರದ್ಧೆ

ಸಾಕ್ರಟೀಸ್ (ಸು. ಕ್ರಿ.ಪೂ. 470–399) ಅಥೆನ್ಸಿನ ತತ್ತ್ವಜ್ಞಾನಿ. ತಾನಾಗಿ ಏನನ್ನೂ ಬರೆದಿಡಲಿಲ್ಲ. ಅವನ ದೈವಶ್ರದ್ಧೆಯ ಬಗ್ಗೆ ತಿಳಿಯುವುದು ಮುಖ್ಯವಾಗಿ ಶಿಷ್ಯ ಪ್ಲೇಟೋ ಮತ್ತು ಒಡನಾಡಿ ಕ್ಸೆನೊಫನ್ ಬರೆದದ್ದರಿಂದ. ಇಬ್ಬರೂ ಅವನ ಪರ ವಕಾಲತ್ತು ವಹಿಸಿದವರು ಎಂಬುದನ್ನು ಓದುವಾಗ ಮರೆಯಬಾರದು.

ಕ್ರಿ.ಪೂ. 399ರಲ್ಲಿ ಮೆಲೆಟಸ್, ಅನಿಟಸ್, ಲೈಕಾನ್ ಎಂಬ ಮೂವರು ಅವನ ಮೇಲೆ ದಾವೆ ಹೂಡಿದರು. ನಗರದ ದೇವರುಗಳನ್ನು ಒಪ್ಪುವುದಿಲ್ಲ, ಹೊಸ ದೈವಗಳನ್ನು ತರುತ್ತಾನೆ, ಯುವಕರನ್ನು ಕೆಡಿಸುತ್ತಾನೆ ಎಂಬುದು ಆರೋಪ. ‘ಒಪ್ಪುವುದು’ ಎಂಬಲ್ಲಿ ಗ್ರೀಕರು ಬಳಸಿದ ಕ್ರಿಯಾಪದದ ಬೇರು ರೂಢಿ, ಕಟ್ಟಳೆ ಎಂಬರ್ಥದ ಪದದಲ್ಲಿದೆ. ‘ಆ ಮನೆಯವರು ಇಂಥ ದೇವರಿಗೆ ನಡೆದುಕೊಳ್ಳುತ್ತಾರೆ’ ಎಂದು ಕನ್ನಡದಲ್ಲಿ ಹೇಳುವಾಗಿನ ಅರ್ಥಕ್ಕೆ ಅದು ಹತ್ತಿರ. ಗ್ರೀಕ್ ಧರ್ಮಕ್ಕೆ ಮತಗ್ರಂಥವಿರಲಿಲ್ಲ. ಬಲಿ, ಹಬ್ಬ, ಹರಕೆಗಳೇ ಅದರ ಮೈ. ಆ ಲೆಕ್ಕದಲ್ಲಿ ಸಾಕ್ರಟೀಸ್ ನಡೆದುಕೊಂಡವನೇ. ಮನೆಯಲ್ಲೂ ನಗರದ ಬಲಿಪೀಠಗಳಲ್ಲೂ ಅವನು ಬಲಿ ಕೊಡುತ್ತಿದ್ದುದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು ಎನ್ನುತ್ತಾನೆ ಕ್ಸೆನೊಫನ್. ಪೊಟಿಡಿಯದ ದಂಡಯಾತ್ರೆಯಲ್ಲಿ ಒಂದು ಹಗಲು, ಒಂದು ರಾತ್ರಿ ಯೋಚನೆಯಲ್ಲಿ ಮುಳುಗಿ ನಿಂತಲ್ಲೇ ನಿಂತಿದ್ದ ಅವನು, ಬೆಳಗಾದ ಮೇಲೆ ಸೂರ್ಯನಿಗೆ ಪ್ರಾರ್ಥನೆ ಸಲ್ಲಿಸಿ ಅಲ್ಲಿಂದ ಹೊರಟನೆಂದು ಪ್ಲೇಟೋನ ‘ಸಿಂಪೋಸಿಯಂ’ ಹೇಳುತ್ತದೆ.

ಅವನ ವೃತ್ತಿಯ ಬೇರೂ ದೇವಸ್ಥಾನದಲ್ಲಿದೆ. ಗೆಳೆಯ ಕೈರೆಫೋನ್ ಡೆಲ್ಫಿಯ ಅಪೊಲೊ ದೇಗುಲಕ್ಕೆ ಹೋಗಿ, ಸಾಕ್ರಟೀಸನಿಗಿಂತ ಜ್ಞಾನಿ ಯಾರಾದರೂ ಇದ್ದಾರೆಯೇ ಎಂದು ಕೇಳಿದ. ಇಲ್ಲವೆಂದಳು ಅಲ್ಲಿನ ಪೂಜಾರಿಣಿ. ಸಾಕ್ರಟೀಸ್ ಈ ಮಾತನ್ನು ತಳ್ಳಿಹಾಕಲಿಲ್ಲ, ಸುಮ್ಮನೆ ತಲೆಯ ಮೇಲೂ ಹೊತ್ತುಕೊಳ್ಳಲಿಲ್ಲ. ದೇವರು ಸುಳ್ಳಾಡುವುದಿಲ್ಲ, ಹಾಗಾದರೆ ಅರ್ಥವೇನೆಂದು ರಾಜಕಾರಣಿಗಳನ್ನೂ ಕವಿಗಳನ್ನೂ ಕುಶಲಕರ್ಮಿಗಳನ್ನೂ ಪ್ರಶ್ನಿಸುತ್ತ ಹೊರಟ. ಊರಿನವರ ಪಾಲಿಗೆ ಕಿರಿಕಿರಿಯಾಗಿದ್ದದ್ದು ಅವನ ಪಾಲಿಗೆ ಅಪೊಲೊವಿನ ಸೇವೆ.

ಆರೋಪದಲ್ಲಿದ್ದ ‘ಹೊಸ ದೈವ’ ಯಾವುದು? ಬಾಲ್ಯದಿಂದ ತನಗೊಂದು ದನಿ ಕೇಳಿಸುತ್ತದೆಂದು ಅವನು ಬಹಿರಂಗವಾಗಿಯೇ ಹೇಳುತ್ತಿದ್ದ. ಗ್ರೀಕರು ಇದನ್ನು ‘ಡೈಮೋನಿಯನ್’ ಎಂದರು. ಪ್ಲೇಟೋನ ಪ್ರಕಾರ ಅದು ಬೇಡವೆನ್ನುತ್ತಿತ್ತೇ ಹೊರತು ಹೀಗೆ ಮಾಡೆಂದು ಎಂದೂ ಹೇಳುತ್ತಿರಲಿಲ್ಲ. ಅವನನ್ನು ರಾಜಕಾರಣಕ್ಕೆ ಇಳಿಯಗೊಡದದ್ದೂ ಅದೇ. ಕ್ಸೆನೊಫನ್ ಮಾತ್ರ, ಅದು ಮಾಡಬೇಕಾದುದನ್ನೂ ಸೂಚಿಸುತ್ತಿತ್ತು ಎನ್ನುತ್ತಾನೆ. ಹೊಸ ದೇವರು ಬರುವುದೇ ಅಥೆನ್ಸಿನಲ್ಲಿ ಅಪರಾಧವಲ್ಲ. ಥ್ರೇಸಿನ ದೇವತೆ ಬೆಂಡಿಸ್‌ಳ ಉತ್ಸವ ನಗರದ ಸಮ್ಮತಿಯಿಂದಲೇ ನಡೆಯುತ್ತಿತ್ತು. ಪ್ಲೇಟೋನ ‘ರಿಪಬ್ಲಿಕ್’ ಆರಂಭವಾಗುವುದೇ ಸಾಕ್ರಟೀಸ್ ಅವಳಿಗೆ ಕೈಮುಗಿಯಲು ಪಿರೇಯಸ್ ಬಂದರಿಗೆ ಹೋಗಿದ್ದ ಪ್ರಸಂಗದಿಂದ. ಆದರೆ ಒಬ್ಬನಿಗಷ್ಟೇ ಕೇಳಿಸುವ, ಪೂಜಾರಿಯೂ ಗುಡಿಯೂ ಇಲ್ಲದ ದೈವಕ್ಕೆ ಯಾರ ಸಮ್ಮತಿ?

ನಾಸ್ತಿಕನೆಂಬ ದೂರಿನಲ್ಲಿ ಹುರುಳಿಲ್ಲ. ಆದರೂ ಅವನು ನಂಬಿದ ದೇವರು ನೆರೆಹೊರೆಯವರ ದೇವರಾಗಿರಲಿಲ್ಲ ಎನ್ನದೆ ಗತಿಯಿಲ್ಲ. ಕಾವ್ಯಗಳ ದೇವತೆಗಳು ಜಗಳವಾಡುತ್ತಾರೆ, ತಂದೆಯನ್ನೇ ಸೆರೆಹಾಕುತ್ತಾರೆ. ಇಂಥ ಕಥೆಗಳನ್ನು ಒಪ್ಪಲು ತನ್ನಿಂದಾಗದೆಂದು ಪ್ಲೇಟೋನ ‘ಯೂಥಿಫ್ರೊ’ ಸಂವಾದದಲ್ಲಿ ಅವನು ಹೇಳುತ್ತಾನೆ. ಪವಿತ್ರವಾದುದನ್ನು ಅದು ಪವಿತ್ರವೆಂಬ ಕಾರಣಕ್ಕೆ ದೇವರು ಮೆಚ್ಚುತ್ತಾರೋ, ದೇವರು ಮೆಚ್ಚಿದ್ದರಿಂದ ಅದು ಪವಿತ್ರವಾಯಿತೋ ಎಂಬ ಅಲ್ಲಿನ ಪ್ರಶ್ನೆ ಇಂದಿಗೂ ಧರ್ಮಮೀಮಾಂಸೆಯನ್ನು ಬಿಟ್ಟಿಲ್ಲ. ಕೊಟ್ಟು ಪಡೆಯುವ ವ್ಯಾಪಾರ ಪೂಜೆಯಾದೀತೇ ಎಂದೂ ಅಲ್ಲಿ ಕೆಣಕುತ್ತಾನೆ. ಹರಕೆಯ ಮೇಲೆ ನಿಂತ ಊರಿಗೆ ಇದು ಸಣ್ಣ ಮಾತಲ್ಲ.

ಸುಮಾರು 500 ಮಂದಿಯ ನ್ಯಾಯಮಂಡಳಿಯಲ್ಲಿ 30 ಮತ ಅತ್ತಿತ್ತಾಗಿದ್ದರೆ ಅವನು ಬಿಡುಗಡೆಯಾಗುತ್ತಿದ್ದ. ಮರಣದಂಡನೆಯೂ ಧರ್ಮದ ಕಾರಣಕ್ಕೇ ತಡವಾಯಿತು: ಅಪೊಲೊವಿಗೆ ಸಲ್ಲುವ ಪವಿತ್ರ ಹಡಗು ಡೆಲೋಸ್ ದ್ವೀಪಕ್ಕೆ ಹೋಗಿ ಮರಳುವವರೆಗೆ ನಗರದಲ್ಲಿ ಯಾರನ್ನೂ ಕೊಲ್ಲುವಂತಿರಲಿಲ್ಲ. ಆ ಸುಮಾರು ಒಂದು ತಿಂಗಳ ಸೆರೆವಾಸದಲ್ಲಿ, ಕನಸಿನ ಅಪ್ಪಣೆಯೆಂದು ಬಗೆದು, ಅಪೊಲೊವಿನ ಸ್ತುತಿಯನ್ನು ರಚಿಸಿದ; ಈಸೋಪನ ಕಥೆಗಳನ್ನು ಪದ್ಯಕ್ಕೆ ಇಳಿಸಿದ.

ವಿಷ ಕುಡಿದು, ಮೈ ಸೊಂಟದವರೆಗೆ ತಣ್ಣಗಾದಾಗ ಮುಸುಕು ಸರಿಸಿ, ಆರೋಗ್ಯದೇವತೆ ಅಸ್‌ಕ್ಲೇಪಿಯಸ್‌ನಿಗೆ ಒಂದು ಹುಂಜ ಬಾಕಿಯಿದೆ, ಮರೆಯದೆ ಸಲ್ಲಿಸು ಎಂದು ಗೆಳೆಯ ಕ್ರಿಟೊನಿಗೆ ಹೇಳಿದ. ಬದುಕೆಂಬ ರೋಗ ವಾಸಿಯಾಯಿತು ಎಂಬ ವ್ಯಂಗ್ಯವನ್ನು ಇದರಲ್ಲಿ ಹುಡುಕಿದವರು ಹಲವರು; ಜರ್ಮನ್ ತತ್ತ್ವಜ್ಞಾನಿ ನೀತ್ಸೆ ಅದಕ್ಕಾಗಿ ಸಿಟ್ಟಾದ. ಉಳಿದುಹೋದ ಹರಕೆಯ ನೆನಪೆಂದು ನೇರವಾಗಿ ಓದಿದರೂ ತಪ್ಪಿಲ್ಲ. ಅಸ್‌ಕ್ಲೇಪಿಯಸ್ ಕೂಡ ಕ್ರಿ.ಪೂ. 420ರ ಸುಮಾರಿಗೆ ಎಪಿಡಾರಸ್ಸಿನಿಂದ ಅಥೆನ್ಸಿಗೆ ಬಂದ ಹೊಸ ದೇವರೇ. ಆಗಲೆಂದ ಕ್ರಿಟೊ, ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳಿದ. ಉತ್ತರ ಬರಲಿಲ್ಲ.