ಪ್ರಬಂಧ ತಿದ್ದಿಸಲು ದುಡ್ಡು ಕೊಡಬೇಕೇ? ನೂರು ವರ್ಷ ಹಿಂದಿನ ಒಂದು ಫಾರ್ಮಿನ ಕಥೆ

ನಮ್ಮಲ್ಲಿ ಇಂಜಿನಿಯರಿಂಗ್ ಸೀಟಿಗೆ ಸಿಇಟಿ ರ‍್ಯಾಂಕ್ ಇದ್ದರೆ ಆಯಿತು. ನೀನು ಯಾರ ಮಗಳು, ಏನು ಕಷ್ಟ ಕಂಡೆ, ಮುಂದೇನು ಮಾಡ್ತೀಯ ಅಂತ ಯಾರೂ ಕೇಳುವುದಿಲ್ಲ. ಅದೇ ಹುಡುಗಿ ಬಿಇ ಮುಗಿಸಿ ಅಮೆರಿಕದಲ್ಲಿ ಎಂಎಸ್ ಮಾಡಲು ಹೊರಟರೆ, ತನ್ನ ಬಗ್ಗೆ ತಾನೇ ಒಂದೆರಡು ಪುಟ ಬರೆಯಬೇಕು. ಎಸ್‌ಒಪಿ ಅಂತಾರೆ ಅದಕ್ಕೆ. ತಿದ್ದಿಕೊಡಲು, ಕೇಳಿದರೆ ಪೂರ್ತಿ ಬರೆದೇ ಕೊಡಲು ಕನ್ಸಲ್ಟೆನ್ಸಿಗಳಿವೆ. ಕೆಲವರು ಕೇಳುವ ದುಡ್ಡು ಒಂದು ಕರು ಮಾರಿದರೆ ಬರುವಷ್ಟು. ಕೊಡುವುದೋ ಬಿಡುವುದೋ ಅನ್ನುವ ಮೊದಲು, ಮಾರ್ಕ್ಸ್ ಬಿಟ್ಟು ಮನುಷ್ಯನನ್ನು ಅಳೆಯುವ ಈ ಪದ್ಧತಿ ಹೇಗೆ ಶುರುವಾಯಿತು ಅಂತ ನೋಡೋಣ.

ಮೊದಲು ಅಮೆರಿಕದ ದೊಡ್ಡ ಕಾಲೇಜುಗಳಲ್ಲೂ ಪರೀಕ್ಷೆ ಪಾಸಾದರೆ ಬಹುಮಟ್ಟಿಗೆ ಸೀಟು ಸಿಗುತ್ತಿತ್ತು. 20ನೇ ಶತಮಾನದ ಆರಂಭದಲ್ಲಿ ಪೂರ್ವ ಯುರೋಪಿನಿಂದ ಬಂದ ಬಡ ಯಹೂದಿ ಕುಟುಂಬಗಳ ಮಕ್ಕಳು ಚೆನ್ನಾಗಿ ಓದಿ ಆ ಪರೀಕ್ಷೆ ಪಾಸಾಗತೊಡಗಿದರು. ಹಳೇ ಶ್ರೀಮಂತ ಮನೆತನಗಳಿಗೆ ಇದು ಸಹಿಸಲಿಲ್ಲ. 1919ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ಎಂಟು ಪುಟಗಳ ಅರ್ಜಿ ಫಾರ್ಮ್ ತಂದಿತು. ಧರ್ಮ ಯಾವುದು, ತಂದೆಯ ಹೆಸರೇನು, ತಾಯಿಯ ತವರಿನ ಹೆಸರೇನು, ಫೋಟೋ ಅಂಟಿಸಿ. ಕೆಲವೇ ವರ್ಷಗಳಲ್ಲಿ ಅಲ್ಲಿ ಯಹೂದಿ ವಿದ್ಯಾರ್ಥಿಗಳ ಪಾಲು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಹಾರ್ವರ್ಡ್‌ನ ಅಧ್ಯಕ್ಷ ಲಾರೆನ್ಸ್ ಲೋವೆಲ್ 1922ರಲ್ಲಿ ನೇರವಾಗಿ ಮಿತಿ ಹಾಕಲು ಹೊರಟರು, ವಿರೋಧ ಬಂತು. 1926ರಲ್ಲಿ ಬೇರೆ ದಾರಿ ಹಿಡಿದರು: ಅಂಕದ ಜೊತೆಗೆ ‘ಗುಣನಡತೆ’ಯನ್ನೂ ತೂಗುವುದು. ಗುಣಕ್ಕೆ ತಕ್ಕಡಿ ಎಲ್ಲಿದೆ? ಅಳೆಯುವವನ ಕಣ್ಣೇ ತಕ್ಕಡಿ. ಜಾತಿ ಸರ್ಟಿಫಿಕೇಟು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಂದಿನ ಪ್ರಬಂಧ ಬೆಳೆದದ್ದು ಆ ಮಣ್ಣಿನಲ್ಲೇ. ಉದ್ದೇಶ ಈಗ ಅದಲ್ಲ. ಬಡ ಮಕ್ಕಳ ಕಥೆ ಕೇಳಲೂ ಅದೇ ಪ್ರಬಂಧ ಬಳಕೆಯಾಗುತ್ತದೆ. 1975ರಲ್ಲಿ 15 ಕಾಲೇಜುಗಳು ಸೇರಿ ಶುರುಮಾಡಿದ ಕಾಮನ್ ಅಪ್ಲಿಕೇಶನ್‌ನಲ್ಲಿ ಇಂದು ಸಾವಿರಕ್ಕೂ ಹೆಚ್ಚು ಕಾಲೇಜುಗಳಿವೆ. ಪದವಿಗೆ ಸೇರುವವರು ಅದರಲ್ಲಿ 650 ಪದದೊಳಗೆ ತಮ್ಮ ಬದುಕು ಹೇಳಬೇಕು. 2023ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಜನಾಂಗ ನೋಡಿ ಸೀಟು ಕೊಡುವುದನ್ನು ತಡೆದರೂ, ಜನಾಂಗದ ಕಾರಣಕ್ಕೆ ಬದುಕಿನಲ್ಲಿ ಅನುಭವಿಸಿದ್ದನ್ನು ಪ್ರಬಂಧದಲ್ಲಿ ಬರೆಯಬಹುದು ಅಂದಿತು.

ಪ್ರಬಂಧದ ತೂಕ ಹೆಚ್ಚಿದ ಹಾಗೆ ತಿದ್ದುವವರ ಅಂಗಡಿಯೂ ಬೆಳೆಯಿತು. ತಾಲ್ಲೂಕು ಕಚೇರಿ ಮುಂದೆ ಅರ್ಜಿ ಬರೆದುಕೊಡುವವರು ಇರುತ್ತಾರಲ್ಲ, ಹಾಗೆ. ಲಾಭ ಯಾರಿಗಾಯಿತು? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ 60,000 ಮಂದಿಯ ಪ್ರಬಂಧಗಳನ್ನು ಸ್ಟ್ಯಾನ್‌ಫರ್ಡ್ ಸಂಶೋಧಕರು ಪರಿಶೀಲಿಸಿ 2021ರಲ್ಲಿ ವರದಿ ಕೊಟ್ಟರು. ಮನೆಯ ಆದಾಯಕ್ಕೂ ಎಸ್‌ಎಟಿ ಪರೀಕ್ಷೆಯ ಅಂಕಕ್ಕೂ ಇರುವ ನಂಟಿಗಿಂತ, ಆದಾಯಕ್ಕೂ ಪ್ರಬಂಧದಲ್ಲಿರುವ ವಿಷಯಕ್ಕೂ ಇರುವ ನಂಟು ಗಟ್ಟಿ ಎಂದು ಅದರಲ್ಲಿತ್ತು. ಡ್ಯೂಕ್ ವಿಶ್ವವಿದ್ಯಾಲಯವಂತೂ 2024ರ ಹೊತ್ತಿಗೆ ಪ್ರಬಂಧಕ್ಕೆ ಅಂಕ ಹಾಕುವುದನ್ನೇ ನಿಲ್ಲಿಸಿತು. ಎಐ ಮತ್ತು ಬಾಡಿಗೆ ಸಲಹೆಗಾರರ ಕೈಚಳಕ ಹೆಚ್ಚಾದ ಮೇಲೆ, ಬರವಣಿಗೆ ನೋಡಿ ಮಗುವಿನ ಸಾಮರ್ಥ್ಯ ತಿಳಿಯುತ್ತದೆ ಎಂಬ ನಂಬಿಕೆ ಅವರಿಗೆ ಉಳಿಯಲಿಲ್ಲ.

ಹಾಗಾದರೆ ನಮ್ಮ ಹುಡುಗಿ ದುಡ್ಡು ಕೊಡಬೇಕೇ? ಬೇಡ ಅನ್ನುತ್ತೇವೆ. ಎಂಎಸ್ ಅರ್ಜಿಯನ್ನು ಹೆಚ್ಚಾಗಿ ಓದುವವರು ಆ ವಿಭಾಗದ ಪ್ರಾಧ್ಯಾಪಕರು. ಕಣ್ಣೀರಿನ ಕಥೆಗಿಂತ ಅವರಿಗೆ ಬೇಕಾದದ್ದು ಕೊನೇ ವರ್ಷದ ಪ್ರಾಜೆಕ್ಟಿನಲ್ಲಿ ಏನು ಮಾಡಿದೆ, ಎಲ್ಲಿ ಕೆಟ್ಟಿತು, ಹೇಗೆ ಸರಿಮಾಡಿದೆ, ಇಲ್ಲೇ ಯಾಕೆ ಓದಬೇಕು ಎಂಬುದು. ಅದು ಗೊತ್ತಿರುವುದು ಅವಳಿಗೆ, ಪ್ರಾಜೆಕ್ಟ್ ಗೈಡ್‌ಗೆ. ಕನ್ಸಲ್ಟೆನ್ಸಿಯವರು ‘ಬಾಲ್ಯದಿಂದಲೂ ಕಂಪ್ಯೂಟರ್ ಮೇಲೆ ಒಲವು’ ಅಂತ ಶುರುಮಾಡುತ್ತಾರೆ; ಆ ಸಾಲನ್ನು ಪಕ್ಕದ ಜಿಲ್ಲೆಯ ಹುಡುಗನಿಗೂ ಮಾರಿರುತ್ತಾರೆ.

ಇಂಗ್ಲಿಷ್ ತಪ್ಪು ತಿದ್ದಿಸುವುದರಲ್ಲಿ ತಪ್ಪಿಲ್ಲ. ಕಾಲೇಜಿನ ಇಂಗ್ಲಿಷ್ ಮೇಷ್ಟ್ರಿಗೆ ಒಮ್ಮೆ, ಈಗಾಗಲೇ ಅಲ್ಲಿ ಓದುತ್ತಿರುವ ಸೀನಿಯರ್‌ಗೆ ಒಮ್ಮೆ ತೋರಿಸಿದರೆ ಆ ಕೆಲಸ ಮುಗಿಯುತ್ತದೆ. ಪೂರ್ತಿ ಬರೆಸಿಕೊಳ್ಳುವುದು ಬೇರೆ ಮಾತು. ಇದೆಲ್ಲ ನನ್ನದೇ ಬರವಣಿಗೆ ಎಂಬ ಘೋಷಣೆಗೆ ಸಹಿ ಹಾಕುವವಳು ಅವಳು; ಸಿಕ್ಕಿಬಿದ್ದರೆ ಕೊಟ್ಟ ಸೀಟನ್ನೂ ಹಿಂಪಡೆಯಬಹುದು. ಕರು ಮಾರಲೇಬೇಕು ಅಂದರೆ, ಪ್ರತಿ ಕಾಲೇಜಿನ ಅರ್ಜಿ ಶುಲ್ಕವಿದೆ, ಟೋಫೆಲ್ ಅಥವಾ ಐಇಎಲ್‌ಟಿಎಸ್ ಶುಲ್ಕವಿದೆ, ವೀಸಾ ಶುಲ್ಕವಿದೆ. ಆ ದುಡ್ಡು ಅಲ್ಲಿಗೆ ಬೇಕಾಗುತ್ತದೆ.