ನಂಬಿಕೆ ಕಳೆದುಕೊಂಡ ಕಾವಲುಗಾರ

ಪರರಾಷ್ಟ್ರದ ರಹಸ್ಯಗಳನ್ನು ಕದ್ದು ತರುವ ಗೂಢಚಾರರ ಸಾಹಸಗಳನ್ನು ನೀವು ಬೇಕಾದಷ್ಟು ಓದಿರುತ್ತೀರಿ. ಆದರೆ ದೇಶದೇಶಗಳ ನಡುವಿನ ಗುಪ್ತ ಸಮರದಲ್ಲಿ ಇನ್ನೊಂದು ಬಗೆಯ ಸೇವೆಯೂ ಇದೆ. ಅದು ಅಷ್ಟಾಗಿ ಪ್ರಸಿದ್ಧವಲ್ಲ. ಶತ್ರುವಿನ ಗೂಢಚಾರ ನಮ್ಮ ಮನೆಯೊಳಗೇ ನುಸುಳಿದ್ದಾನೆಯೇ, ನಮ್ಮೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವವನೇ ನಮ್ಮ ಗುಟ್ಟನ್ನು ಹೊರಗೆ ಮಾರುತ್ತಿದ್ದಾನೆಯೇ ಎಂದು ಕಣ್ಣಿಟ್ಟು ಕಾಯುವ ಸೇವೆ ಅದು. ಪ್ರತಿಬೇಹುಗಾರಿಕೆ ಎಂದು ಅದಕ್ಕೆ ಹೆಸರು. ಬೇಹುಗಾರನು ಶತ್ರುವನ್ನು ಸಂಶಯಿಸಿದರೆ ಸಾಕು. ಪ್ರತಿಬೇಹುಗಾರನು ತನ್ನವರನ್ನೂ ಸಂಶಯಿಸಬೇಕು. ಸಂಶಯವೇ ಆತನ ಉದ್ಯೋಗ.

ಉದ್ಯೋಗವಾಗಿ ಬಂದ ಸಂಶಯ ಸ್ವಭಾವವಾಗಿ ನೆಲೆಸಿಬಿಟ್ಟರೆ ಏನಾಗುತ್ತದೆ? ಈ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ಇತಿಹಾಸದಲ್ಲಿ ಒಂದು ದೀರ್ಘವಾದ ಉತ್ತರವಿದೆ. ಅದು ಅಮೆರಿಕದ ಕೇಂದ್ರ ಗುಪ್ತಚರ ಸಂಸ್ಥೆಯಾದ ಸಿ.ಐ.ಎ.ಯಲ್ಲಿ ಇಪ್ಪತ್ತು ವರ್ಷಗಳ ಕಾಲ ಪ್ರತಿಬೇಹುಗಾರಿಕಾ ವಿಭಾಗದ ಮುಖ್ಯಸ್ಥನಾಗಿದ್ದ ಜೇಮ್ಸ್ ಜೀಸಸ್ ಆಂಗಲ್ಟನ್ ಎಂಬಾತನ ಜೀವನ.

ಕವಿಗಳ ಗೆಳೆಯ

ಆಂಗಲ್ಟನ್ ಹುಟ್ಟಿದ್ದು 1917ರ ಡಿಸೆಂಬರ್ 9ರಂದು, ಅಮೆರಿಕದ ಐಡಾಹೋ ರಾಜ್ಯದ ಬಾಯ್ಸಿ ನಗರದಲ್ಲಿ. ತಂದೆ ಅಶ್ವದಳದ ಅಧಿಕಾರಿಯಾಗಿದ್ದವನು. ತಾಯಿ ಮೆಕ್ಸಿಕೋ ಮೂಲದವಳು. ಮಗನ ನಡುಹೆಸರಾಗಿ ಬಂದ 'ಜೀಸಸ್' ತಾಯಿಯ ಕಡೆಯ ರೂಢಿಯಂತೆ ಇಟ್ಟದ್ದು. 1930ರ ದಶಕದಲ್ಲಿ ತಂದೆ ಇಟಲಿಯಲ್ಲಿ ನಗದು ಲೆಕ್ಕದ ಯಂತ್ರಗಳ ವ್ಯಾಪಾರ ಕೈಗೊಂಡುದರಿಂದ ಬಾಲಕನ ಬೆಳವಣಿಗೆ ಮಿಲಾನ್ ನಗರದಲ್ಲಿ, ಶಾಲೆ ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿ ನಡೆಯಿತು. ಮುಂದೆ ಯೇಲ್ ವಿಶ್ವವಿದ್ಯಾಲಯ ಸೇರಿದ ಆಂಗಲ್ಟನ್ ಅಲ್ಲಿ ಗೆಳೆಯ ರೀಡ್ ವಿಟ್ಟೆಮೋರ್ ಜೊತೆಗೂಡಿ 1939ರಲ್ಲಿ 'ಫ್ಯೂರಿಯೋಸೋ' ಎಂಬ ಕವಿತಾ ಪತ್ರಿಕೆಯನ್ನು ಹೊರತಂದನು. ಎಜ್ರಾ ಪೌಂಡ್, ವಿಲಿಯಂ ಕಾರ್ಲೋಸ್ ವಿಲಿಯಮ್ಸ್, ಇ. ಇ. ಕಮಿಂಗ್ಸ್ ಮೊದಲಾದ ಹೆಸರಾಂತ ಕವಿಗಳು ಆ ಪುಟ್ಟ ಪತ್ರಿಕೆಗೆ ಬರೆದರು.

ಒಂದು ಪದದ ಹಿಂದೆ ಹತ್ತು ಅರ್ಥಗಳನ್ನು ಹುಡುಕುವ ಆ ಅಭ್ಯಾಸ ಕಾವ್ಯಕ್ಕೆ ಭೂಷಣವೇ ಸರಿ. ಆದರೆ ಅದೇ ಕಣ್ಣಿನಿಂದ ಮನುಷ್ಯರನ್ನು ಓದತೊಡಗಿದರೆ ಸರಳವಾದ ಸತ್ಯವೂ ಒಗಟಾಗಿ ತೋರುವ ಅಪಾಯವುಂಟು. ಮುಂದೆ ಆದದ್ದು ಅದೇ.

ಬೇಲಿಯೇ ಹೊಲ ಮೇಯ್ದಾಗ

ಎರಡನೆಯ ಮಹಾಯುದ್ಧದ ವೇಳೆಗೆ ಸೈನ್ಯ ಸೇರಿದ ಆಂಗಲ್ಟನ್‌ನನ್ನು ಅಮೆರಿಕದ ಯುದ್ಧಕಾಲದ ಗುಪ್ತಚರ ಸಂಸ್ಥೆಯ ಪ್ರತಿಬೇಹುಗಾರಿಕಾ ಶಾಖೆಗೆ ಆರಿಸಿಕೊಂಡು ಲಂಡನ್ನಿಗೆ ಕಳುಹಿಸಲಾಯಿತು. ಅಲ್ಲಿ ಈ ವಿದ್ಯೆಯ ಒಳಮರ್ಮಗಳನ್ನು ತಿಳಿಸಿಕೊಟ್ಟವರಲ್ಲಿ ಕಿಮ್ ಫಿಲ್ಬಿ ಎಂಬ ಬ್ರಿಟಿಷ್ ಅಧಿಕಾರಿಯೂ ಒಬ್ಬ. ಫಿಲ್ಬಿ ಸುಸಂಸ್ಕೃತ, ಮಾತುಗಾರ, ಸ್ನೇಹಶೀಲ. 1944ರಲ್ಲಿ ಬ್ರಿಟನ್ನಿನ ಗುಪ್ತಚರ ಇಲಾಖೆ ಸೋವಿಯತ್ ಬೇಹುಗಾರರನ್ನು ಎದುರಿಸಲೆಂದೇ ತೆರೆದ ವಿಭಾಗಕ್ಕೆ ಈತನನ್ನೇ ಮುಖ್ಯಸ್ಥನನ್ನಾಗಿ ಮಾಡಿತು. ಯಾರಿಗೂ ತಿಳಿಯದಿದ್ದ ಸಂಗತಿಯೆಂದರೆ, ಫಿಲ್ಬಿ 1934ರಿಂದಲೇ ಸೋವಿಯತ್ ಒಕ್ಕೂಟದ ಗೂಢಚಾರನಾಗಿದ್ದನು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ಸೊಗಸಾದ ನಿದರ್ಶನ ಸಿಗಲಾರದು.

ಯುದ್ಧಾನಂತರ ಆಂಗಲ್ಟನ್ ಇಟಲಿಯಲ್ಲಿ ಹೆಸರು ಗಳಿಸಿ, 1947ರಲ್ಲಿ ವಾಷಿಂಗ್ಟನ್ನಿಗೆ ಮರಳಿದನು. ಅದೇ ವರ್ಷ ಸಿ.ಐ.ಎ. ಸ್ಥಾಪನೆಯಾಯಿತು. 1949ರಲ್ಲಿ ಫಿಲ್ಬಿಯೂ ಬ್ರಿಟಿಷ್ ಗುಪ್ತಚರ ಇಲಾಖೆಯ ಪ್ರತಿನಿಧಿಯಾಗಿ ಅದೇ ನಗರಕ್ಕೆ ಬಂದನು. ಹಳೆಯ ಗೆಳೆಯರು 'ಹಾರ್ವೀಸ್' ಎಂಬ ಭೋಜನಗೃಹದಲ್ಲಿ ವಾರವಾರವೂ ಊಟಕ್ಕೆ ಕೂಡುತ್ತಿದ್ದರು. ಅಲ್ಲಿ ಆಡಿದ ಮಾತುಗಳು ಮಾಸ್ಕೋ ತಲುಪುತ್ತಿದ್ದವು. 1951ರ ಮೇ ತಿಂಗಳಲ್ಲಿ ಬರ್ಜೆಸ್ ಮತ್ತು ಮೆಕ್ಲೀನ್ ಎಂಬ ಇಬ್ಬರು ಬ್ರಿಟಿಷ್ ಅಧಿಕಾರಿಗಳು ರಷ್ಯಾದತ್ತ ಪರಾರಿಯಾದಾಗ, ಬರ್ಜೆಸ್‌ನ ಆಪ್ತನಾಗಿದ್ದ ಫಿಲ್ಬಿಯ ಮೇಲೂ ಅನುಮಾನ ಎದ್ದಿತು. ಸಿ.ಐ.ಎ.ಯ ಇನ್ನೊಬ್ಬ ಅಧಿಕಾರಿ ವಿಲಿಯಂ ಹಾರ್ವಿ, ಫಿಲ್ಬಿ ದ್ರೋಹಿಯೆಂದು ವರದಿ ಬರೆದನು. ಆಂಗಲ್ಟನ್ ಹಾಗೆ ಬರೆಯಲಿಲ್ಲ. ಗೆಳೆಯನ ಮೇಲಣ ವಿಶ್ವಾಸವೇ ಆತನಲ್ಲಿ ಮೇಲಾಯಿತು. 1963ರ ಜನವರಿಯಲ್ಲಿ ಫಿಲ್ಬಿ ಬೈರೂತ್‌ನಿಂದ ಕಣ್ಮರೆಯಾಗಿ ಮಾಸ್ಕೋದಲ್ಲಿ ಕಾಣಿಸಿಕೊಂಡಾಗ ಸಂದೇಹಕ್ಕೆ ಎಡೆಯೇ ಉಳಿಯಲಿಲ್ಲ.

ಓದುಗರೇ, ಆಪ್ತನಿಂದಲೇ ವಂಚಿತನಾದ ಮನುಷ್ಯನ ನೋವನ್ನು ನಾವು ಹಗುರವಾಗಿ ಕಾಣಲಾಗದು. ಒಮ್ಮೆ ಕುರುಡಾಗಿ ನಂಬಿ ಕೆಟ್ಟವನು ಮುಂದೆ ಕುರುಡಾಗಿ ಅನುಮಾನಿಸುವುದು ಮನುಷ್ಯಸಹಜ. ಆದರೆ ಈ ಮನುಷ್ಯನ ಕೈಯಲ್ಲಿ ಅಧಿಕಾರವಿತ್ತು. 1954ರಲ್ಲಿಯೇ ಆತನು ಪ್ರತಿಬೇಹುಗಾರಿಕಾ ವಿಭಾಗದ ಮುಖ್ಯಸ್ಥನಾಗಿದ್ದನು. 1956ರಲ್ಲಿ ಕ್ರುಶ್ಚೇವ್ ಮುಚ್ಚಿದ ಬಾಗಿಲ ಹಿಂದೆ ಸ್ಟಾಲಿನ್‌ನನ್ನು ಖಂಡಿಸಿ ಮಾಡಿದ ಭಾಷಣದ ಪ್ರತಿಯು ಇಸ್ರೇಲಿನ ಗುಪ್ತಚರರ ಮೂಲಕ ಆತನಿಗೆ ದೊರೆತು, ಆತನ ಕೀರ್ತಿ ಏರಿತ್ತು. ಮೇಲಧಿಕಾರಿಗಳು ಆತನನ್ನು ಪ್ರಶ್ನಿಸುವುದನ್ನೇ ಬಿಟ್ಟಿದ್ದರು.

ಕಾಮಾಲೆ ಕಣ್ಣು

1961ರ ಡಿಸೆಂಬರಿನಲ್ಲಿ ಅನಟೋಲಿ ಗೊಲಿತ್ಸಿನ್ ಎಂಬ ಸೋವಿಯತ್ ಗುಪ್ತಚರ ಸಂಸ್ಥೆ ಕೆ.ಜಿ.ಬಿ.ಯ ಅಧಿಕಾರಿ ಹೆಲ್ಸಿಂಕಿಯಲ್ಲಿ ಅಮೆರಿಕದ ಆಶ್ರಯ ಬೇಡಿದನು. ಆತ ಕೊಟ್ಟ ಕೆಲವು ಸುಳಿವುಗಳು ನಿಜವಾಗಿದ್ದವು. ಆದರೆ ಕ್ರಮೇಣ ಆತನ ಮಾತು ಬೆಳೆಯಿತು: ಸಿ.ಐ.ಎ.ಯ ಒಳಗೇ ಒಬ್ಬ ದ್ರೋಹಿ ಇದ್ದಾನೆ. ಅವನ ಹೆಸರು 'ಕೆ' ಅಕ್ಷರದಿಂದ ಆರಂಭವಾಗುತ್ತದೆ. ತನ್ನ ನಂತರ ರಷ್ಯಾದಿಂದ ಓಡಿಬರುವವರೆಲ್ಲ ಮೋಸಗೊಳಿಸಲು ಬರುವವರೇ. ರಷ್ಯಾಕ್ಕೂ ಚೀನಾಕ್ಕೂ ಬಿದ್ದಿರುವ ಬಿರುಕೂ ಲೋಕವನ್ನು ನಂಬಿಸಲು ಹೂಡಿದ ನಾಟಕ. 1969ರಲ್ಲಿ ಆ ಎರಡು ದೇಶಗಳ ಸೈನಿಕರು ಉಸ್ಸೂರಿ ನದಿಯ ದಂಡೆಯಲ್ಲಿ ಪರಸ್ಪರ ಗುಂಡು ಹಾರಿಸಿ ಸತ್ತರೂ ಈ ವಾದ ಬದಲಾಗಲಿಲ್ಲ.

ಆಂಗಲ್ಟನ್ ಗೊಲಿತ್ಸಿನ್‌ನನ್ನು ನಂಬಿದನು. ಯಾರನ್ನೂ ನಂಬಬಾರದೆಂದು ಹೊರಟವನು, ಯಾರನ್ನೂ ನಂಬಬೇಡ ಎಂದು ಹೇಳಿದವನನ್ನು ಮಾತ್ರ ಪೂರ್ಣವಾಗಿ ನಂಬಿದ್ದು ಈ ಚರಿತ್ರೆಯ ವ್ಯಂಗ್ಯ. ಸಂಸ್ಥೆಯ ಗುಪ್ತ ಕಡತಗಳನ್ನೂ ಆ ಪರದೇಶಿಯ ಮುಂದೆ ತೆರೆದಿಡಲಾಯಿತು. ಅಲ್ಲಿಂದ ಒಳದ್ರೋಹಿಯ ಬೇಟೆ ಆರಂಭವಾಯಿತು.

ಮೊದಲು ಸಿಕ್ಕವನು ಪೀಟರ್ ಕಾರ್ಲೋ. ಮಹಾಯುದ್ಧದಲ್ಲಿ ದೇಶಕ್ಕಾಗಿ ಒಂದು ಕಾಲನ್ನೇ ಕಳೆದುಕೊಂಡಿದ್ದ ಅಧಿಕಾರಿ ಈತ. ಹೆಸರು 'ಕೆ' ಅಕ್ಷರದಿಂದ ಆರಂಭವಾಗುತ್ತಿತ್ತು, ಹುಟ್ಟುಹೆಸರು ಕ್ಲಿಬಾನ್ಸ್ಕಿ. ಬೇರೆ ಸಾಕ್ಷ್ಯವಿರಲಿಲ್ಲ. 1963ರಲ್ಲಿ ಆತನು ಕೆಲಸ ಬಿಡಬೇಕಾಯಿತು. ಹತ್ತಾರು ಅಧಿಕಾರಿಗಳು ಹೀಗೆ ತನಿಖೆಗೆ ಒಳಗಾದರು. ಎಷ್ಟೋ ಜನರಿಗೆ ತಮಗೆ ಬಡ್ತಿ ಏಕೆ ಸಿಗುತ್ತಿಲ್ಲ, ಸಹೋದ್ಯೋಗಿಗಳು ಏಕೆ ಮುಖ ತಿರುಗಿಸುತ್ತಾರೆ ಎಂಬುದೂ ತಿಳಿಯಲಿಲ್ಲ. ಈ ಸೋಂಕು ಗಡಿ ದಾಟಿ ಕೆನಡಕ್ಕೂ ಹಬ್ಬಿತು. ಅಲ್ಲಿ ಸೋವಿಯತ್ ಬೇಹುಗಾರರನ್ನು ಹಿಡಿಯುವ ವಿಭಾಗದಲ್ಲಿದ್ದ ಜೇಮ್ಸ್ ಬೆನೆಟ್ 1972ರಲ್ಲಿ ಸಂಶಯದ ಹೊರೆ ಹೊತ್ತು ಹುದ್ದೆ ತೊರೆದನು. ಆತ ನಿರಪರಾಧಿಯೆಂದು ಕೆನಡ ಸರ್ಕಾರ ಸಾರಿದ್ದು 1993ರಲ್ಲಿ.

ಎಲ್ಲಕ್ಕಿಂತ ದಾರುಣವಾದದ್ದು ಯೂರಿ ನೊಸೆಂಕೊನ ಪಾಡು. 1964ರಲ್ಲಿ ಜಿನೀವಾದಿಂದ ಅಮೆರಿಕಕ್ಕೆ ಓಡಿಬಂದ ಈ ಕೆ.ಜಿ.ಬಿ. ಅಧಿಕಾರಿ, ಅಧ್ಯಕ್ಷ ಕೆನೆಡಿಯವರ ಹತ್ಯೆಯಲ್ಲಿ ಸೋವಿಯತ್ ಸರ್ಕಾರದ ಕೈವಾಡವಿಲ್ಲವೆಂದು ಹೇಳಿದನು. ಗೊಲಿತ್ಸಿನ್ ಭವಿಷ್ಯ ನುಡಿದಿದ್ದ ಮೋಸಗಾರ ಇವನೇ ಎಂದು ಆಂಗಲ್ಟನ್ನನೂ ಸಂಸ್ಥೆಯ ಸೋವಿಯತ್ ವಿಭಾಗದವರೂ ನಿಶ್ಚಯಿಸಿಬಿಟ್ಟರು. ಸೆರೆಯಲ್ಲಿಟ್ಟವರು ಸೋವಿಯತ್ ವಿಭಾಗದವರು. ಆ ಸೆರೆಗೆ ತನ್ನ ಒಪ್ಪಿಗೆಯಿರಲಿಲ್ಲವೆಂದು ಆಂಗಲ್ಟನ್ ಮುಂದೆ ಹೇಳಿಕೊಂಡನು. ಆದರೆ ಆ ಸೆರೆಮನೆಯ ಅಡಿಪಾಯ ಆತ ಬಿತ್ತಿ ಬೆಳೆಸಿದ ಸಂಶಯವೇ ಆಗಿತ್ತು. ನ್ಯಾಯಾಲಯವಿಲ್ಲ, ಆರೋಪಪಟ್ಟಿಯಿಲ್ಲ, ಆತನಿಗಾಗಿಯೇ ಕಟ್ಟಿಸಿದ ಕಿಟಕಿಯಿಲ್ಲದ ಕಾಂಕ್ರೀಟ್ ಕೋಣೆ. ಓದಲು ಒಂದು ಹಾಳೆಯೂ ಇಲ್ಲದ ಆ ಮನುಷ್ಯ, ದಿನಗಳ ಲೆಕ್ಕ ತಪ್ಪದಿರಲೆಂದು ಬಟ್ಟೆಯ ನೂಲೆಳೆಗಳಿಂದ ತಾರೀಖುಪಟ್ಟಿ ಮಾಡಿಕೊಂಡಿದ್ದನಂತೆ. ಹೀಗೆ ಬಂಧನದಲ್ಲಿ ಕಳೆದ ದಿನಗಳು 1,277. ಕೊನೆಗೆ 1968ರ ಮರುತನಿಖೆಯಲ್ಲಿ ಆತ ಪ್ರಾಮಾಣಿಕನೆಂದು ತೀರ್ಮಾನವಾಗಿ, ಮರುವರ್ಷ ಅದೇ ಸಂಸ್ಥೆ ಆತನನ್ನು ಸಲಹೆಗಾರನಾಗಿ ನೇಮಿಸಿಕೊಂಡಿತು.

ಈ ಸಂಶಯದ ತರ್ಕವನ್ನು ನೀವು ಗಮನಿಸಬೇಕು. ಆರೋಪಿ ತಪ್ಪು ಮಾಹಿತಿ ಕೊಟ್ಟರೆ ಅವನು ಸುಳ್ಳುಗಾರ. ಸರಿಯಾದ ಮಾಹಿತಿ ಕೊಟ್ಟರೆ, ನಮ್ಮ ವಿಶ್ವಾಸ ಗಳಿಸಲು ಶತ್ರುವೇ ಕೊಟ್ಟು ಕಳುಹಿಸಿದ್ದು! ಸಾಕ್ಷ್ಯ ಸಿಕ್ಕರೆ ಅಪರಾಧಿ. ಸಿಗದಿದ್ದರೆ ಇನ್ನೂ ಜಾಣನಾದ ಅಪರಾಧಿ. ಇಂಥ ಬಲೆಯಿಂದ ನಿರಪರಾಧಿ ಹೊರಬರುವ ದಾರಿಯಾದರೂ ಯಾವುದು? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಕೊನೆಗೆ ಆಂಗಲ್ಟನ್ನನ ವಿಭಾಗದಲ್ಲಿಯೇ ಇದ್ದ ಎಡ್ವರ್ಡ್ ಪೆಟ್ಟಿ ಎಂಬ ಅಧಿಕಾರಿ ಅದೇ ತರ್ಕವನ್ನು ಅನುಸರಿಸಿ, ಸಂಸ್ಥೆಗೆ ಇಷ್ಟು ಹಾನಿ ಮಾಡಿದ ಆಂಗಲ್ಟನ್ನನೇ ಆ ಒಳದ್ರೋಹಿಯಾಗಿರಬೇಕೆಂದು ವಾದ ಹೂಡಿದನು. ಅದೂ ಸುಳ್ಳೇ ಆಗಿತ್ತು. ಆದರೆ ತಾನು ಹೆಣೆದ ಬಲೆಯಲ್ಲಿ ತಾನೇ ಸಿಲುಕಲು ಆತನಿಗೂ ತಡೆಯಿರಲಿಲ್ಲ.

ಕಾಯುವವನನ್ನು ಕಾಯುವವರು

1974ರ ಡಿಸೆಂಬರ್ 22ರಂದು 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ಸೆಮೂರ್ ಹರ್ಷ್ ಎಂಬ ವರದಿಗಾರನ ಲೇಖನ ಪ್ರಕಟವಾಯಿತು. ಸಿ.ಐ.ಎ. ತನ್ನ ದೇಶದ ನಾಗರಿಕರ ಮೇಲೆಯೇ ಅಕ್ರಮವಾಗಿ ಬೇಹುಗಾರಿಕೆ ನಡೆಸಿದೆಯೆಂದು ಅದು ಬಯಲುಮಾಡಿತು. ಸೋವಿಯತ್ ಒಕ್ಕೂಟದೊಡನೆ ನಡೆಯುತ್ತಿದ್ದ ಅಂಚೆಯನ್ನು 1952ರಿಂದ 1973ರವರೆಗೆ ನ್ಯೂಯಾರ್ಕಿನಲ್ಲಿ ಕದ್ದು ಓದಲಾಗುತ್ತಿತ್ತು. ತೆರೆದ ಪತ್ರಗಳ ಸಂಖ್ಯೆ 2,15,000ಕ್ಕೂ ಹೆಚ್ಚು. ತಾಯಿ ಮಗನಿಗೆ ಬರೆದದ್ದು, ಅಣ್ಣ ತಂಗಿಗೆ ಬರೆದದ್ದು ಎಂಬ ಭೇದವೇ ಇರಲಿಲ್ಲ. ಇದು ಕಾನೂನಿಗೆ ವಿರುದ್ಧವೆಂದು ತಿಳಿದೂ ಆಂಗಲ್ಟನ್ನನ ವಿಭಾಗ ಅದನ್ನು ನಡೆಸಿಕೊಂಡು ಬಂದಿತ್ತು. ಸಂಸ್ಥೆಯ ನಿರ್ದೇಶಕ ವಿಲಿಯಂ ಕೋಲ್ಬಿ ಆತನನ್ನು ಹುದ್ದೆಯಿಂದ ಇಳಿಸಿದನು.

1975ರಲ್ಲಿ ಸೆನೆಟರ್ ಫ್ರಾಂಕ್ ಚರ್ಚ್ ಅಧ್ಯಕ್ಷತೆಯ ಸಮಿತಿ ಆಂಗಲ್ಟನ್‌ನನ್ನು ವಿಚಾರಣೆಗೆ ಕರೆಯಿತು. ರಹಸ್ಯ ಸಂಸ್ಥೆಯೊಂದು ಸರ್ಕಾರದ ಬಹಿರಂಗ ಆದೇಶಗಳನ್ನೆಲ್ಲ ಪಾಲಿಸಬೇಕೆಂಬುದು ಊಹೆಗೂ ನಿಲುಕದ ಮಾತೆಂದು ಆತ ಹಿಂದೆ ಆಡಿದ್ದ ನುಡಿಯನ್ನು ಸದಸ್ಯರು ಎತ್ತಿ ಕೇಳಿದರು. ಆ ಮಾತು ಆಡಬಾರದಾಗಿತ್ತೆಂದು ಆತನು ಅದನ್ನು ಹಿಂದೆಗೆದುಕೊಂಡನು. 1976ರಲ್ಲಿ ಗುಪ್ತಚರ ಸಂಸ್ಥೆಗಳ ಮೇಲ್ವಿಚಾರಣೆಗೆ ಸೆನೆಟ್ ಶಾಶ್ವತ ಸಮಿತಿಯನ್ನು ರಚಿಸಿತು. ಸಂಶಯಕ್ಕೆ ಸಿಲುಕಿ ಬಾಳು ಕೆಡಿಸಿಕೊಂಡ ಕಾರ್ಲೋನಂಥವರಿಗೆ ಪರಿಹಾರ ನೀಡಲು 1980ರಲ್ಲಿ ಕಾನೂನೇ ಬಂದಿತು.

ಹಾಗಾದರೆ ಸಂಶಯವೇ ಬೇಡವೇ?

ಹಾಗೆಂದು ತೀರ್ಮಾನಿಸುವುದೂ ತಪ್ಪು. ಆಂಗಲ್ಟನ್ನನ ಕಾಲದ ಅತಿರೇಕ ಕಂಡು ಬೇಸತ್ತ ಸಂಸ್ಥೆ ಆಮೇಲೆ ಇನ್ನೊಂದು ತುದಿಗೆ ವಾಲಿತು. 1985ರಲ್ಲಿ ಆಲ್ಡ್ರಿಚ್ ಏಮ್ಸ್ ಎಂಬ ಅಧಿಕಾರಿ, ತಾನೇ ಪ್ರತಿಬೇಹುಗಾರಿಕಾ ಶಾಖೆಯೊಂದರ ಹೊಣೆ ಹೊತ್ತಿದ್ದವನು, ಅಮೆರಿಕಕ್ಕೆ ನೆರವಾಗುತ್ತಿದ್ದ ರಷ್ಯನ್ನರ ಹೆಸರುಗಳನ್ನು ಕೆ.ಜಿ.ಬಿ.ಗೆ ಮಾರಿದನು. ಅವರಲ್ಲಿ ಹತ್ತು ಮಂದಿಯಾದರೂ ಮರಣದಂಡನೆಗೆ ಗುರಿಯಾದರು. ಸಂಬಳಕ್ಕೆ ಮೀರಿದ ದುಬಾರಿ ಕಾರು, ನಗದು ಕೊಟ್ಟು ಕೊಂಡ ಮನೆ ಎಲ್ಲರ ಕಣ್ಣೆದುರಿಗೇ ಇದ್ದರೂ ವರ್ಷಗಟ್ಟಲೆ ಯಾರೂ ಪ್ರಶ್ನಿಸಲಿಲ್ಲ. ಅತಿಸಂಶಯ ನಿರಪರಾಧಿಗಳನ್ನು ಸುಟ್ಟಿತ್ತು. ಅಲಕ್ಷ್ಯವೂ ಜೀವಗಳನ್ನು ಬಲಿ ಪಡೆಯಿತು.

ಏಮ್ಸ್‌ನನ್ನು ಹಿಡಿದ ಬಗೆ ನಾವು ತಿಳಿದಿರಬೇಕಾದದ್ದು. ಜೀನ್ ವೆರ್ಟೆಫೇ ಮತ್ತು ಸ್ಯಾಂಡಿ ಗ್ರೈಮ್ಸ್ ಎಂಬ ಇಬ್ಬರು ಮಹಿಳಾ ಅಧಿಕಾರಿಗಳು ಸಣ್ಣ ತಂಡವೊಂದರಲ್ಲಿ ಕುಳಿತು, ಆತ ರಷ್ಯನ್ ರಾಜತಾಂತ್ರಿಕನೊಬ್ಬನೊಡನೆ ಊಟ ಮಾಡಿದ ದಿನಾಂಕಗಳನ್ನೂ ಬ್ಯಾಂಕಿಗೆ ಹಣ ಕಟ್ಟಿದ ದಿನಾಂಕಗಳನ್ನೂ ಅಕ್ಕಪಕ್ಕದಲ್ಲಿ ಬರೆದು ನೋಡಿದರು. ಊಟದ ಬೆನ್ನಿಗೇ ಖಾತೆಗೆ ಹಣ ಬಿದ್ದಿತ್ತು. 1994ರ ಫೆಬ್ರವರಿಯಲ್ಲಿ ಏಮ್ಸ್ ಸೆರೆಯಾದನು. ಲೆಕ್ಕ ಕೂಡದೇ ಹೋಗಿದ್ದರೆ ಅನುಮಾನಕ್ಕೆ ಬಲವಿರುತ್ತಿರಲಿಲ್ಲ. ಆ ಪರೀಕ್ಷೆಯಲ್ಲಿ ತಪ್ಪಿತಸ್ಥನು ಸಿಕ್ಕಿಬೀಳುವ ದಾರಿಯೂ ಇತ್ತು, ನಿರಪರಾಧಿ ಪಾರಾಗುವ ದಾರಿಯೂ ಇತ್ತು. ಆಂಗಲ್ಟನ್ನನ ಸಂಶಯಕ್ಕೆ ಇಲ್ಲದಿದ್ದುದು ಈ ಎರಡನೆಯ ದಾರಿ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಗಂಡ ಹೆಂಡತಿಯರಲ್ಲಿ, ಅಣ್ಣತಮ್ಮಂದಿರಲ್ಲಿ, ನೆರೆಹೊರೆಯವರಲ್ಲಿ ಅನುಮಾನ ಮೂಡಿದಾಗ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಏನು ತಿಳಿದುಬಂದರೆ ನಾನು ಈ ಅನುಮಾನವನ್ನು ಕೈಬಿಡುತ್ತೇನೆ? ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿದ್ದರೆ ನಾವು ಸತ್ಯವನ್ನು ಹುಡುಕುತ್ತಿದ್ದೇವೆ. ಉತ್ತರವೇ ಇಲ್ಲದಿದ್ದರೆ, ಎದುರಿನವರಿಗೆ ಶಿಕ್ಷೆ ಆಗಲೇ ವಿಧಿಸಿಯಾಗಿದೆ.

ನಿವೃತ್ತಿಯ ನಂತರವೂ ಆಂಗಲ್ಟನ್ ತನ್ನ ನಿಲುವನ್ನು ಬಿಡಲಿಲ್ಲ. ಪ್ರೀತಿಯಿಂದ ಬೆಳೆಸುತ್ತಿದ್ದ ಆರ್ಕಿಡ್ ಹೂಗಳ ನಡುವೆ ದಿನ ಕಳೆದು, 1987ರ ಮೇ 11ರಂದು ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡನು. ಮುಂದಿನ ವರ್ಷ ಅದೇ ಮೇ 11ರಂದು ಮಾಸ್ಕೋದಲ್ಲಿ ಕಿಮ್ ಫಿಲ್ಬಿ ಸತ್ತನು. ಯೂರಿ ನೊಸೆಂಕೊ ಮಾತ್ರ ಇನ್ನೂ ಇಪ್ಪತ್ತು ವರ್ಷ ಅಮೆರಿಕದಲ್ಲಿ ಬೇರೊಂದು ಹೆಸರಿನಲ್ಲಿ ಬದುಕಿದ್ದನು. 2008ರ ಜುಲೈ ತಿಂಗಳಲ್ಲಿ ಸಿ.ಐ.ಎ.ಯ ಅಧಿಕಾರಿಗಳು ಆತನ ಮನೆಗೆ ಹೋಗಿ, ಆತನ ಸೇವೆಗೆ ಕೃತಜ್ಞತೆ ಸಲ್ಲಿಸುವ ನಿರ್ದೇಶಕರ ಪತ್ರವನ್ನು ಕೈಗಿತ್ತರು. ಆಗ ಆತನಿಗೆ ಎಂಬತ್ತು ವರ್ಷ. ಮರುತಿಂಗಳು, ಆಗಸ್ಟ್ 23ರಂದು, ಆತ ಕಣ್ಣುಮುಚ್ಚಿದನು. ಆಶ್ರಯ ಕೇಳಿ ಬಂದ ಮನುಷ್ಯನಿಗೆ ಆ ಮಾತು ತಲುಪಲು ನಲವತ್ತನಾಲ್ಕು ವರ್ಷಗಳು ಬೇಕಾದವು. ನಮ್ಮ ಅನುಮಾನದಿಂದ ನೊಂದವರು ಯಾರಾದರೂ ಇದ್ದರೆ, ನಾವು ಅಷ್ಟು ಕಾಲ ಕಾಯಿಸದಿರೋಣ.