ಉಕ್ಕಿನಾಚೆಯ ಸಿಮೆಂಟು

1927ರ ಸೆಪ್ಟೆಂಬರ್ 5ರಂದು ಫ್ರಾನ್ಸಿನ ಪೆಶೆಲ್‌ಬ್ರಾನ್‌ನಲ್ಲಿ ಶ್ಲಂಬರ್ಜೆ ಸೋದರರ ತಂಡ ತೈಲಬಾವಿಯೊಳಗೆ ಬಂಡೆಗಳ ವಿದ್ಯುತ್ ರೋಧವನ್ನು ಮೊದಲ ಬಾರಿಗೆ ಅಳೆಯಿತು. ಉಪ್ಪುನೀರು ತುಂಬಿದ ಬಂಡೆಯಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ, ಎಣ್ಣೆಯಿದ್ದರೆ ತಡೆಯುತ್ತದೆ. ಆದರೆ ಈ ಉಪಾಯ ನಡೆಯುತ್ತಿದ್ದುದು ಬರಿಮೈ ಬಾವಿಯಲ್ಲಿ. ಉಕ್ಕಿನ ಕೊಳವೆ ಇಳಿಸಿದ ಮೇಲೆ ವಿದ್ಯುತ್ತೆಲ್ಲ ಅದರಲ್ಲೇ ಓಡುತ್ತದೆ. ಬಂಡೆಗೆ ಸೋರುವುದು ಚೂರೇ ಚೂರು. ಆ ಸೋರಿಕೆಯನ್ನೇ ಅಳೆಯುವ ದಾರಿಯನ್ನು ಸೋವಿಯತ್ ವಿಜ್ಞಾನಿ ಆಲ್ಪಿನ್ 1939ರಲ್ಲೇ ಸೂಚಿಸಿದ್ದರು. ವೋಲ್ಟಿನ ನೂರು ಕೋಟಿಯಲ್ಲೊಂದು ಪಾಲಿನ ಲೆಕ್ಕದಲ್ಲಿ ಅಳೆಯುವ ಉಪಕರಣ ಬಳಕೆಗೆ ಬರುವಷ್ಟರಲ್ಲಿ ಶತಮಾನವೇ ಮುಗಿಯುತ್ತ ಬಂದಿತ್ತು.

ಉಕ್ಕನ್ನು ಗೆದ್ದರೂ, ಕೊಳವೆಗೂ ಬಂಡೆಗೂ ನಡುವೆ ಸಿಮೆಂಟು ಕೂತಿದೆಯಲ್ಲ! ಸೋರಿದ ವಿದ್ಯುತ್ತು ಮೊದಲು ಅದನ್ನು ದಾಟಬೇಕು. ಬಂಡೆಯ ರೋಧವೇ ಬಹಳ ಹೆಚ್ಚಿದ್ದರೆ ಸಿಮೆಂಟಿನದು ಲೆಕ್ಕಕ್ಕಿಲ್ಲ. ಉಪ್ಪುನೀರಿನ ಬಂಡೆಯೆದುರು ಮಾತ್ರ ಅದು ಅಳತೆಯನ್ನು ಏರಿಸಿ, ನೀರಿರುವಲ್ಲಿ ಎಣ್ಣೆಯ ಆಸೆ ಹುಟ್ಟಿಸುತ್ತದೆ. ಹಳೆಯ ಬಾವಿಗಳಲ್ಲಿ ಉಳಿದ ಎಣ್ಣೆ ಹುಡುಕುವವರಿಗೆ ಇದು ದುಬಾರಿ ಭ್ರಮೆ. ಸಿಮೆಂಟಿನ ದಪ್ಪ, ರೋಧ ಎರಡೂ ತಿಳಿದಿದ್ದರೆ ಅಳತೆಯನ್ನು ತಿದ್ದಿಕೊಳ್ಳಬಹುದು. ದಶಕಗಳ ಹಿಂದಿನ ಬಾವಿಯಲ್ಲಿ ಅದೇ ಕಷ್ಟ.